ಬಕಚ್ಛಪದ ಕತ್ತು ಎಲ್ಲಿಂದ ಶುರು?

ಬಕ ಅಂದರೆ ಕೊಕ್ಕರೆ, ಕಚ್ಛಪ ಅಂದರೆ ಆಮೆ. ಎರಡೂ ನಾವು ಕೇಳಿರುವ ಪದಗಳೇ. ಇವನ್ನು ಸೇರಿಸಿ ‘ಬಕಚ್ಛಪ’ ಎಂಬ ಪ್ರಾಣಿಯನ್ನು ಹುಟ್ಟಿಸಿ, ಅದಕ್ಕೊಂದು ಚಿತ್ರವನ್ನೂ ಬರೆದವರು ಬಂಗಾಳದ ಸುಕುಮಾರ್ ರೇ. ಸತ್ಯಜಿತ್ ರೇ ಅವರ ತಂದೆ ಎಂದರೆ ನಮಗೆ ಬೇಗ ಗುರುತು ಸಿಗುತ್ತದೆ. ಬಂಗಾಳಿಗಳ ಮನೆಗಳಲ್ಲಿ ಮಾತ್ರ ಮಗನ ಸಿನಿಮಾಗಳಿಗಿಂತ ಮೊದಲು ಮಕ್ಕಳಿಗೆ ಪರಿಚಯವಾಗುವುದು ಅಪ್ಪನ ವಿಚಿತ್ರ ಪ್ರಾಣಿಗಳು.

ಸುಕುಮಾರ್ ಹುಟ್ಟಿದ್ದು 1887ರ ಅಕ್ಟೋಬರ್ 30ರಂದು, ಕೋಲ್ಕತ್ತದಲ್ಲಿ. ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ. ಚಿತ್ರಕಲೆಯ ಶಾಲೆಗೆ ಹೋದವರಲ್ಲ. ಗೆಳೆಯರನ್ನು ಕಟ್ಟಿಕೊಂಡು ‘ನಾನ್‌ಸೆನ್ಸ್ ಕ್ಲಬ್’ ಎಂಬ ಕೂಟ ಮಾಡಿ, ಕೈಬರಹದ ಪತ್ರಿಕೆಯೊಂದನ್ನು ಹೊರತಂದರು. ಅದರ ಹೆಸರು ‘ಸಾಡೆ ಬತ್ರಿಶ್ ಭಾಜಾ’. ಮೂವತ್ತೆರಡೂವರೆ ಬಗೆಯ ಕುರುಕಲು ಎಂದರ್ಥ! ಆ ಅರ್ಧ ಏಕೆಂದು ಕೇಳಬಾರದು.

ತಂದೆ ಉಪೇಂದ್ರಕಿಶೋರ್ ಅವರದು ಮುದ್ರಣದ ಉದ್ಯಮ. ಫೋಟೊ, ಚಿತ್ರಗಳನ್ನು ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ತಂತ್ರದಲ್ಲಿ ಅವರು ದೊಡ್ಡ ಪರಿಣತರು. ಅದೇ ವಿದ್ಯೆ ಕಲಿಯಲು ಮಗ 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದರು. ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿ ಓದಿ, ಹಾಫ್‌ಟೋನ್ ಬಗ್ಗೆ ಅಲ್ಲಿನ ಮುದ್ರಣ ವಾರ್ಷಿಕಗಳಲ್ಲಿ ಲೇಖನ ಬರೆದು, 1913ರಲ್ಲಿ ಮರಳಿದರು. ಅದೇ ವರ್ಷ ತಂದೆ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದ್ದರು. 1915ರಲ್ಲಿ ತಂದೆ ತೀರಿಕೊಂಡಾಗ ಪತ್ರಿಕೆ ಮತ್ತು ಪ್ರೆಸ್ಸು ಎರಡರ ಭಾರವೂ ಇಪ್ಪತ್ತೆಂಟರ ಈ ಹುಡುಗನ ಹೆಗಲಿಗೆ ಬಿತ್ತು.

ಪ್ರತಿ ತಿಂಗಳೂ ಪುಟ ತುಂಬಿಸಬೇಕಿತ್ತು. ಪದ್ಯವೂ ಅವರದೇ, ಚಿತ್ರವೂ ಅವರದೇ. ಆ ಪುಟಗಳಲ್ಲೇ ಪ್ರಾಣಿಗಳು ಒಂದೊಂದಾಗಿ ಬಂದವು.

ಅವುಗಳ ಹುಟ್ಟನ್ನು ಸ್ವಲ್ಪ ನಿಂತು ನೋಡಬೇಕು. ಬಂಗಾಳಿಯಲ್ಲಿ ಆನೆ ‘ಹಾತಿ’, ತಿಮಿಂಗಿಲ ‘ತಿಮಿ’. ನಡುವಿನ ‘ತಿ’ ಎರಡಕ್ಕೂ ಸೇರಿದ್ದು. ಅಲ್ಲಿಗೇ ಹೊಲಿಗೆ ಹಾಕಿದರೆ ‘ಹಾತಿಮಿ’. ಬಕ-ಕಚ್ಛಪದಲ್ಲಿ ‘ಕ’ ಹಂಚಿಕೊಂಡಿದೆ. ‘ಹಾಂಸ್’ ಅಂದರೆ ಬಾತುಕೋಳಿ, ‘ಸಜಾರು’ ಅಂದರೆ ಮುಳ್ಳುಹಂದಿ, ಸೇರಿದರೆ ‘ಹಾಂಸಜಾರು’. ಪದ ಕೂಡಿಸುವುದು ಇಷ್ಟು ಸುಲಭ ಅನ್ನಿಸುತ್ತದೆ. ಬೇಕಾದರೆ ಕನ್ನಡದಲ್ಲಿ ಪ್ರಯತ್ನಿಸಿ, ಹತ್ತು ನಿಮಿಷದಲ್ಲಿ ನಾಲ್ಕು ಸಿಕ್ಕಾವು. ಕಷ್ಟ ಇರುವುದು ಪೆನ್ಸಿಲ್ ಹಿಡಿದಾಗ. ಪದದಲ್ಲಿ ಒಂದಕ್ಷರ ಹಂಚಿಕೊಂಡರೆ ಸಾಕು. ಮೈಯಲ್ಲಿ ಏನನ್ನು ಹಂಚಿಕೊಳ್ಳಬೇಕು? ಕೊಕ್ಕರೆಯ ಕತ್ತು ಎಲ್ಲಿ ಮುಗಿದು ಚಿಪ್ಪು ಎಲ್ಲಿ ಶುರುವಾಗಬೇಕು?

ಸುಕುಮಾರ್ ಚಿತ್ರಗಳಲ್ಲಿ ಈ ಬೆಸುಗೆ ಕಣ್ಣಿಗೆ ಹೊಡೆಯುವುದಿಲ್ಲ. ಬಾತಿನ ತಲೆಗೆ ಮುಳ್ಳಿನ ಬೆನ್ನು ಮೊದಲಿನಿಂದಲೂ ಇತ್ತೇನೋ ಅನ್ನಿಸುವಂತಿದೆ. ವಿಜ್ಞಾನ ಓದಿದ ಕೈ ಅದು ಎಂದು ನನಗೆ ತೋರುತ್ತದೆ. ಅಸಂಬದ್ಧವನ್ನೂ ಪ್ರಾಣಿಶಾಸ್ತ್ರದ ಪುಸ್ತಕದ ಶಿಸ್ತಿನಲ್ಲಿ ಬರೆದಿದ್ದಾರೆ. ಇನ್ನೊಂದು ಸಂಗತಿ, ಆ ಪ್ರಾಣಿಗಳಿಗೆ ಮನಸ್ಸೂ ಇದೆ. ಹಾತಿಮಿಯ ಆನೆ ಭಾಗಕ್ಕೆ ಕಾಡಿಗೆ ಹೋಗುವ ಹಂಬಲ, ತಿಮಿಂಗಿಲದ ಭಾಗಕ್ಕೆ ನೀರಿನದು. ಪಾಪ, ಎಲ್ಲಿಗೂ ಹೋಗಲಾರದು. ಮನೆಯವರು ಒಂದು ಕಡೆ, ಡಿಗ್ರಿ ಇನ್ನೊಂದು ಕಡೆ ಎಳೆಯುವ ನಮ್ಮಂಥವರು ಆ ಚಿತ್ರ ನೋಡಿ ನಗುವಾಗ ಸ್ವಲ್ಪ ತಡವರಿಸುತ್ತೇವೆ.

ನಗುವುದೇ ನಿಷಿದ್ಧವಾದ ರಾಮಗರುಡನ ಮರಿ ಬಂತು. ಕುಂಬಳಕಾಯಿ ಹೆಸರಿನ ಕುಮ್ರೋಪೊಟಾಶ್ ಬಂತು. ಹಸು ಎಂಬ ಹೆಸರಿದ್ದೂ ಹಸುವಲ್ಲದ, ಆಫೀಸೊಂದರಲ್ಲಿ ಸಿಗುವ ‘ಟ್ಯಾಂಶ್ ಗೋರು’ ಬಂತು. ಇದಕ್ಕೆ ಸೋತ ಮುಖ ಕೊಟ್ಟಿದ್ದಾರೆ. ಗುಮಾಸ್ತೆಗಿರಿಯ ಕಾಲದ ಕೋಲ್ಕತ್ತದವರಿಗೆ ಅದು ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ.

1921ರಲ್ಲಿ ಮಗ ಸತ್ಯಜಿತ್ ಹುಟ್ಟಿದ. ಅದೇ ವರ್ಷ ಸುಕುಮಾರ್‌ಗೆ ಕಾಲಾ ಅಜಾರ್ ಜ್ವರ ಅಂಟಿತು. ಮರಳುನೊಣದಿಂದ ಹರಡುವ ಈ ರೋಗಕ್ಕೆ ಅದೇ ಕೋಲ್ಕತ್ತದಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ ಎಂಬ ವೈದ್ಯರು ಆ ವರ್ಷಗಳಲ್ಲೇ ಔಷಧಿ ರೂಪಿಸುತ್ತಿದ್ದರು. ಸುಕುಮಾರ್ ಮಾತ್ರ ಚೇತರಿಸಿಕೊಳ್ಳಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಜ್ವರ ಬರುತ್ತಾ ಹೋಗುತ್ತಾ ಇತ್ತು, ಅವರು ಬರೆಯುತ್ತಲೇ ಇದ್ದರು. ‘ಸಂದೇಶ್’ನಲ್ಲಿ ಚದುರಿದ್ದ ಪದ್ಯಗಳನ್ನು ‘ಆಬೋಲ್ ತಾಬೋಲ್’ ಎಂಬ ಪುಸ್ತಕವಾಗಿಸುವ ಕೆಲಸವನ್ನು ಹಾಸಿಗೆಯಲ್ಲೇ ಹಿಡಿದರು. ಮುಖಪುಟ ಬರೆದರು. ಯಾವ ಪುಟದಲ್ಲಿ ಏನು ಬರಬೇಕೆಂದು ತೋರಿಸುವ ಮಾದರಿ ಪ್ರತಿಯನ್ನು ತಾವೇ ಸಿದ್ಧಪಡಿಸಿದರು. ಕೊನೆಯ ಪದ್ಯವನ್ನೂ ಆ ದಿನಗಳಲ್ಲೇ ಮುಗಿಸಿದರು. ರವೀಂದ್ರನಾಥ ಟ್ಯಾಗೋರರು ನೋಡಲು ಬಂದಾಗ ಹಾಡು ಕೇಳಬೇಕೆಂದರು. ಕವಿ ಹಾಸಿಗೆಯ ಪಕ್ಕ ಕುಳಿತು ಹಾಡಿದರು.

1923ರ ಸೆಪ್ಟೆಂಬರ್ 10ರಂದು ಸುಕುಮಾರ್ ತೀರಿಕೊಂಡರು. ಇನ್ನೂ ಮೂವತ್ತಾರು ತುಂಬಿರಲಿಲ್ಲ. ಪುಸ್ತಕ ಹೊರಬಂದದ್ದು ಒಂಬತ್ತು ದಿನಗಳ ನಂತರ, 19ರಂದು. ಅಚ್ಚಾದ ಪ್ರತಿಯನ್ನು ಅವರು ನೋಡಲಿಲ್ಲ.

ಕೆಲವೇ ವರ್ಷಗಳಲ್ಲಿ ಪ್ರೆಸ್ಸೂ ಕೈಬಿಟ್ಟುಹೋಯಿತು. ಎರಡೂಕಾಲು ವರ್ಷದ ಮಗುವಾಗಿದ್ದಾಗ ಅಪ್ಪನನ್ನು ಕಳೆದುಕೊಂಡ ಸತ್ಯಜಿತ್ 1961ರಲ್ಲಿ ನಿಂತುಹೋಗಿದ್ದ ‘ಸಂದೇಶ್’ ಅನ್ನು ಮತ್ತೆ ಶುರುಮಾಡಿದರು, ಅಪ್ಪನ ಹಾಗೆಯೇ ಅದಕ್ಕೆ ಕತೆಯನ್ನೂ ಚಿತ್ರವನ್ನೂ ತಾವೇ ಬರೆದರು. 1987ರಲ್ಲಿ, ಶತಮಾನೋತ್ಸವದ ವರ್ಷ, ಅಪ್ಪನ ಬಗ್ಗೆ ಅರ್ಧ ಗಂಟೆಯ ಸಾಕ್ಷ್ಯಚಿತ್ರವನ್ನೂ ಮಾಡಿದರು.