ರೂವಾರಿ ಮಲ್ಲಿತಮ್ಮ

ನಮ್ಮ ನಾಡಿನ ಇತಿಹಾಸದಲ್ಲಿ ದೇವಾಲಯಗಳನ್ನು ಕಟ್ಟಿಸಿದವರ ಹೆಸರುಗಳು ಬೇಕಾದಷ್ಟು ದೊರೆಯುತ್ತವೆ; ಕಟ್ಟಿದವರ ಹೆಸರುಗಳು ವಿರಳ. ಆ ವಿರಳರಲ್ಲಿ ಅಗ್ರಗಣ್ಯನು ಹೊಯ್ಸಳರ ಕಾಲದ ರೂವಾರಿ ಮಲ್ಲಿತಮ್ಮ. ರೂವಾರಿ ಎಂದರೆ ಶಿಲ್ಪಿ. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯವರಾದ ನಾವು ಈತನನ್ನು ನಮ್ಮವನೆಂದು ಹೇಳಿಕೊಳ್ಳಲು ಕಾರಣವುಂಟು. ಈತನ ಕಸುಬಿನ ಬಾಳು ಆರಂಭವಾದದ್ದು ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಎಂಬುದು ವಿದ್ವಾಂಸರ ಅಭಿಪ್ರಾಯ.

ಇಮ್ಮಡಿ ವೀರಬಲ್ಲಾಳನ ದಂಡನಾಯಕನೊಬ್ಬನು 1196ರಲ್ಲಿ ಆ ಗ್ರಾಮದಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಒಂದೇ ಗರ್ಭಗೃಹ, ಮುಂದೆ 9 ಅಂಕಣಗಳ ನವರಂಗ, ಅದಕ್ಕೂ ಮುಂದೆ 29 ಅಂಕಣಗಳ ತೆರೆದ ಮುಖಮಂಟಪ. ಕಂಬಗಳು ಕನ್ನಡಿಯಂತೆ ನುಣುಪು. ಮಂಟಪದ ಹೊರಮೈಯಲ್ಲಿ 140 ಶಿಲ್ಪಫಲಕಗಳು: ದಕ್ಷಿಣಕ್ಕೆ ರಾಮಾಯಣದವು 70, ಉತ್ತರಕ್ಕೆ ಕೃಷ್ಣಕಥೆಯವು 25, ಮಹಾಭಾರತದವು 45. ಮಲ್ಲಿತಮ್ಮನ ಕೈಚಳಕವನ್ನು ಕಾಣಬೇಕಾದರೆ ತಲೆಯೆತ್ತಬೇಕು. ಅಂಕಣಗಳ ಮೇಲೆ ಗುಮ್ಮಟದಂತೆ ಆಳವಾಗಿ ಕೊರೆದ, ಹೂಬಳ್ಳಿಗಳಿಂದ ತುಂಬಿದ ಭುವನೇಶ್ವರಿಗಳಲ್ಲಿ ತರುಣ ಶಿಲ್ಪಿಯು ತನ್ನ ವಿದ್ಯೆಯನ್ನು ಪಳಗಿಸಿಕೊಂಡನು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಡಸು. ಉಳಿಗೆ ಒಲಿಯುವ ಆ ಗುಣವೇ ಇಂಥ ಸೂಕ್ಷ್ಮ ಕೆಲಸವನ್ನು ಸಾಧ್ಯವಾಗಿಸಿತು.

ಅಲ್ಲಿಂದ ಸುಮಾರು 60 ವರ್ಷಗಳ ದುಡಿಮೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಉತ್ತರದ ಗೋಡೆ ಈತನದು, ದಕ್ಷಿಣದ ಗೋಡೆ ಬೈಚೋಜನೆಂಬ ಮತ್ತೊಬ್ಬ ಕುಶಲಿಯದು. ಕಡೆಗೆ, ಮುಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ ದಂಡನಾಯಕ ಸೋಮನಾಥನು ಕಟ್ಟಿಸಿದ ಸೋಮನಾಥಪುರದ ತ್ರಿಕೂಟ ಕೇಶವಾಲಯ. ಅಲ್ಲಿ 40ಕ್ಕೂ ಹೆಚ್ಚು ವಿಗ್ರಹಗಳ ಅಡಿಯಲ್ಲಿ ಈತನ ಹೆಸರಿದೆ.

ಅಮೃತಾಪುರದ ಶಾಸನಕ್ಕೆ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಒಡೆಯರ ಕೀರ್ತಿಯನ್ನು ಹಾಡಲು ಅಂತಹ ಕವಿಗಳಿದ್ದರು. ಕಲ್ಲುಕುಟಿಗನ ಕೀರ್ತಿಯನ್ನು ಹಾಡುವವರಾರು? ಮಲ್ಲಿತಮ್ಮನು ತನ್ನ ಹೆಸರನ್ನು ತಾನೇ ಕೆತ್ತಿದನು. ಬಿರುದಿಲ್ಲ, ವಂಶಾವಳಿಯಿಲ್ಲ, ಎಷ್ಟೋ ಕಡೆ ಬರಿಯ ‘ಮಲ್ಲಿ’ ಎಂದಷ್ಟೆ. ಇದನ್ನು ನಾನು ಗರ್ವವೆಂದು ತಿಳಿಯುವುದಿಲ್ಲ. ನಮ್ಮ ತಾತ ಕೆರೆಯ ಏರಿಗೆ ಕಲ್ಲು ಹೊತ್ತವರು. ಪತ್ರಗಳಿಗೆ ಹೆಬ್ಬೆಟ್ಟು ಒತ್ತಿದವರು. ಅವರು ಹೊತ್ತ ಕಲ್ಲು ಯಾವುದೆಂದು ಇಂದು ತೋರಿಸುವವರಿಲ್ಲ. ಕೆಲಸಗಾರನಿಗೆ ತನ್ನ ಹೆಸರನ್ನು ಬರೆಯಲು ಬರುವುದು ಎಷ್ಟು ದೊಡ್ಡ ಮಾತೆಂಬುದು ನಮ್ಮಂತಹ ಮನೆಗಳಿಂದ ಬಂದವರಿಗೆ ಗೊತ್ತು.

2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಜಗತ್ತು ಅಲ್ಲಿಗೆ ಹೋಗಿ ನೋಡಲಿ. ಆ ಕೈ ಪಳಗಿದ ಸ್ಥಳವು ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಗುಡಿಯೆಂಬುದನ್ನು ನಾವಾದರೂ ಮರೆಯದಿರೋಣ.