ಗಣಿತದ ಮೇಷ್ಟ್ರು ಲೈಬ್ರರಿಗೆ ಬಂದಾಗ

ಡೇಟಾಬೇಸ್ ಅಂದ್ರೆ ಕಂಪ್ಯೂಟರ್ ಸೈನ್ಸ್‌ನವರ ಆಸ್ತಿ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಆದರೆ ಮಾಹಿತಿಯನ್ನು ಬಿಡಿಸಿ, ಹೆಸರಿಟ್ಟು, ಮತ್ತೆ ಜೋಡಿಸೋದು ಹೇಗೆ ಅಂತ ನಮ್ಮ ದೇಶದ ಲೈಬ್ರರಿಯನ್‌ಗಳಿಗೆ ಕಲಿಸಿದ ಎಸ್. ಆರ್. ರಂಗನಾಥನ್ ಆ ಕೆಲಸ ಶುರು ಮಾಡಿದಾಗ ಇಲ್ಲಿ ಕಂಪ್ಯೂಟರೇ ಇರಲಿಲ್ಲ.

1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ಅವರು ಓದಿದ್ದು ಗಣಿತ. 1917ರಲ್ಲಿ ಪಾಠ ಮಾಡಲು ಶುರು ಮಾಡಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಆ ಕೆಲಸ ಅವರಿಗೆ ಒಂಚೂರೂ ಹಿಡಿಸಲಿಲ್ಲ. ಮಾತಾಡೋಕೂ ಜನ ಇಲ್ಲದ ಆ ಜಾಗ ಬೇಡ, ವಾಪಸ್ ಕಾಲೇಜಿಗೆ ಕಳಿಸಿ ಅಂತ ಕೇಳಿಕೊಂಡರು. ಮೊದಲು ಲಂಡನ್‌ಗೆ ಹೋಗಿ ಈ ವಿದ್ಯೆ ಕಲಿತು ಬರಲಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅಂತಾಯಿತು.

ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಮೆಕ್ಯಾನೋ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಬೇಕಾದ ಹಾಗೆ ಜೋಡಿಸಿ ಬೇರೆ ಬೇರೆ ಯಂತ್ರ ಮಾಡಬಹುದು. (ನಮಗೆ, ಅದರಲ್ಲೂ ಮೆಕ್ಯಾನಿಕಲ್‌ನವರಿಗೆ, ಇದಕ್ಕಿಂತ ಖುಷಿಯ ವಿಷಯ ಇಲ್ಲ!) ಆಗ ಚಾಲ್ತಿಯಲ್ಲಿದ್ದ ಡ್ಯೂಯಿ ಪದ್ಧತಿಯಲ್ಲಿ ವಿಷಯಗಳಿಗೆ ಮೊದಲೇ ಮಾಡಿಟ್ಟ ಗೂಡುಗಳಿದ್ದವು, ಹೊಸ ವಿಷಯ ಬಂದ್ರೆ ಪರದಾಟ. ರಂಗನಾಥನ್ ಗೂಡಿನ ಬದಲು ಬಿಡಿಭಾಗ ಮಾಡಿದರು. ಭತ್ತಕ್ಕೆ ಮದ್ರಾಸಿನಲ್ಲಿ 1930ರ ಸುಮಾರಿಗೆ ಬಂದ ರೋಗದ ಪುಸ್ತಕ ಅಂದುಕೊಳ್ಳಿ: ಬೆಳೆಗೊಂದು ಸಂಕೇತ, ರೋಗಕ್ಕೊಂದು, ಊರಿಗೊಂದು, ಕಾಲಕ್ಕೊಂದು. ಇವನ್ನು ಬಿಗಿಯುವ ಬೋಲ್ಟು ಕೋಲನ್ ಚಿಹ್ನೆ. 1933ರಲ್ಲಿ ಬಂದ ಕೋಲನ್ ಕ್ಲಾಸಿಫಿಕೇಶನ್ ಇದೇ. ಶಾಪಿಂಗ್ ಆ್ಯಪ್‌ನಲ್ಲಿ ಬಣ್ಣ, ಸೈಜು, ಬೆಲೆ ಅಂತ ಫಿಲ್ಟರ್ ಒತ್ತುವಾಗ ನಾವು ಬಳಸೋದೂ ಇದೇ ಯೋಚನೆಯನ್ನೇ.

ಪದ್ಧತಿ ಕಂಡುಹಿಡಿದದ್ದಕ್ಕಿಂತ ಅದನ್ನು ಹಂಚಿದ್ದು ದೊಡ್ಡದು ಅಂತ ನಮ್ಮ ಲೆಕ್ಕ. ವಿದೇಶಕ್ಕೆ ಹೋಗದೆ ಇಲ್ಲೇ ಕಲಿಯಲಿ ಅಂತ 1929ರಲ್ಲೇ ಮದ್ರಾಸ್ ಲೈಬ್ರರಿ ಅಸೋಸಿಯೇಷನ್ ಮೂಲಕ ಲೈಬ್ರರಿಯನ್‌ಗಳಿಗೆ ಬೇಸಿಗೆ ತರಗತಿ ಶುರು ಮಾಡಿದರು. ಮುಂದೆ ತಮ್ಮ ಉಳಿತಾಯದ 1 ಲಕ್ಷ ರೂಪಾಯಿಯನ್ನು, ಪತ್ನಿ ಶಾರದಾ ಅವರ ಹೆಸರೂ ಸೇರಿಸಿ, ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕೆ ಕೊಟ್ಟುಬಿಟ್ಟರು.

ಕೋಲನ್ ಸಂಖ್ಯೆಗಳು ಉದ್ದವಾಗಿ, ಕಲಿಯೋಕೆ ಕಷ್ಟ ಅನ್ನೋದೂ ನಿಜ. ನಮ್ಮ ಲೈಬ್ರರಿ ಪುಸ್ತಕಗಳ ಬೆನ್ನ ಮೇಲೆ ಈಗಲೂ ಇರೋದು ಡ್ಯೂಯಿ ನಂಬರ್ರೇ.

1962ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು. ಆ ಕೇಂದ್ರ ಮೈಸೂರು ರಸ್ತೆಯಲ್ಲಿದೆ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಒಳಗೆ, ಗಣಿತದವರ ಪಕ್ಕದಲ್ಲೇ.