ಗಂಟು ಬಿಚ್ಚಿದ ಮಹಾಶರಣ ಡಾ. ಫ. ಗು. ಹಳಕಟ್ಟಿ



ಕಲ್ಯಾಣದ ವಿಪ್ಲವದ ತರುವಾಯ ಶರಣರು ವಚನದ ಕಟ್ಟುಗಳನ್ನು ಹೊತ್ತು, ಕಾದರವಳ್ಳಿ, ಮುರಗೋಡಗಳ ಮಾರ್ಗವಾಗಿ ಉಳವಿಯತ್ತ ನಡೆದರೆಂಬುದು ನಮ್ಮ ಭಾಗದ ನಂಬಿಕೆ. ಸುರೇಬಾನದ ಸುತ್ತಮುತ್ತಲಿನ ನಾವೆಲ್ಲರೂ ಆ ಕಥೆಯನ್ನು ಕೇಳುತ್ತಲೇ ಬೆಳೆದವರು. ಹಾಗೆ ಉಳಿದು ಬಂದ ವಚನಗಳು ಕಾಲಾಂತರದಲ್ಲಿ ಮಠಗಳ ಪೆಟ್ಟಿಗೆಗಳನ್ನೂ ಭಕ್ತರ ಮನೆಯ ದೇವರ ಜಗಲಿಗಳನ್ನೂ ಸೇರಿದವು. ಓಲೆಯ ಕಟ್ಟಿಗೆ ವಿಭೂತಿ ಧರಿಸಿ ಪೂಜಿಸುವವರು ಅನೇಕರಿದ್ದರು. ಗಂಟು ಬಿಚ್ಚಿ ಓದುವವರು ವಿರಳರಾಗಿದ್ದರು. ಭಕ್ತಿಯಿಂದ ಕಾಪಾಡಿದ ಜ್ಞಾನವೇ ಭಕ್ತರ ಕೈಗೆ ಎಟುಕದಂತಾಗಿತ್ತು.

ಆ ಗಂಟುಗಳನ್ನು ಬಿಚ್ಚಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮುಗಿಸಿ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕುಗಳನ್ನು ಕಟ್ಟುವುದರಲ್ಲಿ ಮುಂದಾಳುಗಳಾದರು. ಆದರೆ ಅವರ ಜೀವವನ್ನು ಸೆಳೆದುಕೊಂಡದ್ದು ತಾಡೋಲೆಗಳು. ಊರೂರು ಅಲೆದು, ಮಠಾಧೀಶರನ್ನೂ ಮನೆತನದವರನ್ನೂ ವಿನಯದಿಂದ ಕಂಡು, ಪ್ರತಿಗಳನ್ನು ಸಂಗ್ರಹಿಸಿದರು. ಒಂದನ್ನೊಂದು ಹೋಲಿಸಿ ಪಾಠಗಳನ್ನು ತಿದ್ದಿದರು.

1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗ ನಮ್ಮ ಬೆಳಗಾವಿಯಲ್ಲೇ ಅಚ್ಚಾಯಿತು. ಪರರ ಮುದ್ರಣಾಲಯವನ್ನೇ ನಂಬಿ ಕೂರಲಾಗದೆಂದು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಲ್ಲಿಯವರೆಗೆ ಹೆಸರು ತಿಳಿದಿದ್ದ ವಚನಕಾರರು ಐವತ್ತರ ಆಸುಪಾಸು. ಹಳಕಟ್ಟಿಯವರ ಶ್ರಮದಿಂದ ಆ ಸಂಖ್ಯೆ ಇನ್ನೂರೈವತ್ತನ್ನು ಮುಟ್ಟಿತು. ಕಾಯಕಜೀವಿಗಳಾದ ಎಷ್ಟೋ ಶರಣ ಶರಣೆಯರ ದನಿ ಹೀಗೆ ಮರಳಿ ಕೇಳಿಸಿತು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಆದರೆ ಬಡತನ ಅವರನ್ನು ಬಿಡಲಿಲ್ಲ. 1964ರ ಜೂನ್ 29ರಂದು ವಿಜಾಪುರದಲ್ಲಿ ಲಿಂಗೈಕ್ಯರಾದರು. ಜನ ಅವರನ್ನು ವಚನ ಪಿತಾಮಹರೆಂದು ಸ್ಮರಿಸುತ್ತಾರೆ.

ಮಠದ ಕಾರ್ಯದರ್ಶಿತ್ವದ ಹೊಣೆ ಹೊತ್ತ ನಮಗೆ ಈ ಚರಿತ್ರೆ ಒಂದು ಎಚ್ಚರಿಕೆಯೂ ಹೌದು. ಓಲೆಯ ಗಂಟು ಬಿಚ್ಚಿದೆವೆಂದರೆ ಕೆಲಸ ಮುಗಿಯಲಿಲ್ಲ. ಜಾತ್ರೆಯ ಪದ್ಧತಿ, ದಾಸೋಹದ ಲೆಕ್ಕ, ಜಮೀನಿನ ಕಾಗದಪತ್ರಗಳ ವಿವರ, ಪುರಾಣ ಪ್ರವಚನದ ಪಾಠ, ಇವೆಲ್ಲ ಇಂದಿಗೂ ಎಷ್ಟೋ ಮಠಗಳಲ್ಲಿ ಒಬ್ಬಿಬ್ಬರು ಹಿರಿಯರ ನೆನಪಿನಲ್ಲಷ್ಟೇ ಉಳಿದಿವೆ. ಅವರು ಲಿಂಗೈಕ್ಯರಾದ ಮರುದಿನ ಕೇಳಲು ಯಾರೂ ಇರುವುದಿಲ್ಲ. ನಾವೂ ಈ ದೋಷದಿಂದ ಮುಕ್ತರಲ್ಲ. ತಿಳಿದದ್ದನ್ನು ಬರೆದಿಡದೆ, ಕಿರಿಯರಿಗೆ ಕಲಿಸದೆ, ಕೇಳಿದಾಗ ಹೇಳಿದರಾಯಿತೆಂದು ದಿನ ದೂಡಿದ್ದುಂಟು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ತಮ್ಮ ಮನೆಯ ಜಗಲಿಯ ಮೇಲೆ ಓಲೆಯ ಕಟ್ಟಾಗಲಿ ಹಳೆಯ ಕೈಬರಹದ ಪುಸ್ತಕವಾಗಲಿ ಇದ್ದರೆ, ಬಲ್ಲವರಿಗೆ ತೋರಿಸಿ ಓದಿಸಿರಿ, ಪ್ರತಿ ಮಾಡಿಸಿರಿ. ಮೂಲ ತಮ್ಮ ಮನೆಯಲ್ಲೇ ಇರಲಿ, ಅದರೊಳಗಿನ ಅರಿವು ಎಲ್ಲರದಾಗಲಿ. ಅನ್ನದಂತೆ ಅರಿವೂ ದಾಸೋಹದ ವಸ್ತುವೆಂಬುದನ್ನು ಹಳಕಟ್ಟಿಯವರು ಬಾಳಿ ತೋರಿದರು.